ಬೋಗುಣಿಗೆ ಬಾರದ ಹಕ್ಕಿ

ಮನುಷ್ಯನಿಗೆ ತಾನು ಬೆವರು ಸುರಿಸಿ ಮಾಡಿದ್ದರ ಬಗ್ಗೆ ಇರುವ ಹೆಮ್ಮೆಗಿಂತ, ಹುಲ್ಲುಕಡ್ಡಿಯನ್ನೂ ಎತ್ತಿಡದೆ ತನ್ನದಾದದ್ದರ ಬಗ್ಗೆ ಇರುವ ಹೆಮ್ಮೆಯೇ ಹೆಚ್ಚು ಎಂಬುದು ನನ್ನ ಅನುಭವ. ಒಬ್ಬನಿಗೆ ಅವನ ಅಜ್ಜನ ಮೀಸೆ, ಇನ್ನೊಬ್ಬನಿಗೆ ಅವರ ಮನೆ ಬಾವಿಯ ಸಿಹಿನೀರು, ಮತ್ತೊಬ್ಬನಿಗೆ ಅವನ ಓಣಿಯ ಹನುಮಪ್ಪ. ಅಜ್ಜನ ಮೀಸೆಗೆ ಮೊಮ್ಮಗ ಎಣ್ಣೆ ಹಚ್ಚಿದವನಲ್ಲ, ಬಾವಿಯನ್ನು ತೋಡಿದವನೂ ಅಲ್ಲ. ಆದರೂ ಮಾತು ಆ ಕಡೆ ತಿರುಗಿದರೆ ಸಾಕು, ಎದೆ ಎರಡಂಗುಲ ಮುಂದೆ ಬರುತ್ತದೆ. ಇಷ್ಟೆಲ್ಲ ಪೀಠಿಕೆ ಯಾಕೆಂದರೆ, ನನಗೂ ಆ ರೋಗ ಇದೆ ಎಂದು ಒಪ್ಪಿಕೊಳ್ಳುವುದಕ್ಕೆ. ನನ್ನ ರೋಗದ ಹೆಸರು ಗುಡ್ಡ. ಬಳ್ಳಾರಿಯ ನಡುವೆ ಕೋಟೆಯನ್ನು ತಲೆಯ ಮೇಲಿಟ್ಟುಕೊಂಡು ಕೂತಿರುವ ಆ ಕಲ್ಲಿನ ಗುಡ್ಡವನ್ನು ಯಾರಾದರೂ ಹೊಗಳಿದರೆ ನಾನು ನಾಚಿಕೊಂಡು "ಛೇ ಛೇ, ಅಂಥಾದ್ದೇನಿಲ್ರಿ" ಎಂದುಬಿಡುತ್ತೇನೆ. ಅದನ್ನು ಹೊತ್ತು ತಂದು ಅಲ್ಲಿ ಕೂರಿಸಿದವನು ನಾನೇ ಎಂಬಂತೆ.

ಕಸುಬಿನಿಂದ ನಾನು ಕಟಿಂಗ್ ಮಾಸ್ಟರ್. ಜೀನ್ಸ್ ಹೊಲಿಯುವ ಕಾರ್ಖಾನೆಯೊಂದರಲ್ಲಿ ಬಟ್ಟೆಯನ್ನು ಪದರ ಪದರವಾಗಿ ಹಾಸಿ ಕತ್ತರಿಸುವುದು ನನ್ನ ಕೆಲಸ. ಪಕ್ಕದಲ್ಲೇ ಸಾಲಾಗಿ ಹೊಲಿಗೆ ಯಂತ್ರಗಳು. ಅವುಗಳ ಸದ್ದಿನ ಮೇಲೆ ಮಾತಾಡಿ ಮಾತಾಡಿ ನನ್ನ ದನಿ ಎಲ್ಲಿಗೆ ಬಂದಿದೆಯೆಂದರೆ, ನಾನು ಹೆಂಡತಿಯ ಕಿವಿಯಲ್ಲಿ ಗುಟ್ಟು ಹೇಳಿದರೆ ಎದುರು ಮನೆಯವರು "ಹೌದೇನ್ರಿ?" ಎಂದು ಕೇಳುತ್ತಾರೆ. ಈ ಕಸುಬಿನಿಂದ ಗುಡ್ಡ ಹತ್ತುವಾಗ ಒಂದು ಖಾಸಗಿ ಸಂತೋಷವೂ ಇದೆ. ಮೆಟ್ಟಿಲು ಹತ್ತುವಾಗ ಮುಂದಿನವರ ಹಿಂಭಾಗವೇ ತಾನೆ ಕಣ್ಣೆದುರು ಇರುವುದು? ಹತ್ತು ಜನರಲ್ಲಿ ಇಬ್ಬರಾದರೂ ನಾನು ಕತ್ತರಿಸಿದ ಪ್ಯಾಂಟು ಹಾಕಿರುತ್ತಾರೆ. ಜೇಬಿನ ಇಳಿಜಾರು ನೋಡಿಯೇ ಗುರುತು ಹಿಡಿಯುತ್ತೇನೆ. ಇದು ನಾನೇ ಮಾಡಿದ ಕೆಲಸ, ನ್ಯಾಯವಾಗಿ ಹೆಮ್ಮೆಪಡಬೇಕಾದದ್ದು ಇದರ ಬಗ್ಗೆಯೇ. ಆದರೆ ಯಾರಿಗೂ ಹೇಳಿಲ್ಲ. ಗುಡ್ಡದ ವಿಷಯ ಮಾತ್ರ ಕೇಳದಿದ್ದವರಿಗೂ ಹೇಳಿದ್ದೇನೆ.

ಏನು ಹೇಳುತ್ತೇನೆ ಎಂದರೆ, ಎಲ್ಲವನ್ನೂ. ಬೆಳಿಗ್ಗೆ ಐದೂವರೆಗೆ ಹೊಸಬರೊಬ್ಬರು ಏದುಸಿರು ಬಿಡುತ್ತ ಹತ್ತುತ್ತಿದ್ದರೆ ನಾನು ಪಕ್ಕಕ್ಕೆ ಸೇರಿಕೊಳ್ಳುತ್ತೇನೆ. ಅವರಿಗೆ ಉತ್ತರ ಕೊಡಲು ಉಸಿರಿರುವುದಿಲ್ಲ, ಅದೇ ನನಗೆ ಅನುಕೂಲ. ಈ ಬಂಡೆ ನೋಡ್ರಿ, ಆನೆ ಮಲಗಿದ ಹಾಗಿಲ್ಲವೆ? ಆ ಓತಿಕ್ಯಾತ ನೋಡ್ರಿ, ಕೆಂಪು ಬೆನ್ನಿನದು, ಬಟ್ಟೆ ಅಂಗಡಿಗೆ ಬಂದ ಗಿರಾಕಿಯಂತೆ ಎಲ್ಲದಕ್ಕೂ ತಲೆಯಾಡಿಸುತ್ತದೆ, ಏನೂ ಕೊಳ್ಳುವುದಿಲ್ಲ. ಆ ಬಿರುಕಿನಲ್ಲಿ ಕೊಂಬಿನ ಗೂಬೆ ಇದೆ. ಇಲ್ಲಿ ಮುಂಗುಸಿ ಸಂಸಾರ. ಮಳೆ ಬಿದ್ದರೆ ಈ ದೊಣೆಗಳಲ್ಲಿ ನೀರು ನಿಲ್ಲುತ್ತದೆ, ಆ ಇಳಿಜಾರು ತುಂಬ ಸೀತಾಫಲ, ಈ ಕಡೆ ತಂಗಡಿ ಹೂವು ಅರಿಸಿನ ಚೆಲ್ಲಿದ ಹಾಗೆ. ಮೇಲೆ ಹೋದ ಮೇಲೆ ಕುಡತಿನಿಯ ವಿದ್ಯುತ್ ಸ್ಥಾವರದ ಚಿಮಣಿಗಳ ಹೊಗೆಯನ್ನೂ ತೋರಿಸುತ್ತೇನೆ, ಅದೂ ನಮ್ಮ ಗುಡ್ಡದ ಶೋಭೆಗೇ ಇಟ್ಟದ್ದು ಎಂಬಂತೆ. ಒಮ್ಮೆ ಗಡಿಯಾಚೆಯಿಂದ ಬಂದವನೊಬ್ಬ ಎಲ್ಲ ಕೇಳಿಸಿಕೊಂಡು ತೆಲುಗಿನಲ್ಲಿ "ಏಮುಂದಿ ಇಕ್ಕಡ, ಅನ್ನೀ ರಾಳ್ಳೇ ಕದಾ" ಎಂದುಬಿಟ್ಟ. ಎಲ್ಲಾ ಕಲ್ಲೇ ಅಲ್ಲವೇ ಎಂದು! ಆ ದಿನ ನಾನು ಕಾರ್ಖಾನೆಯಲ್ಲಿ ಎರಡು ಪ್ಯಾಂಟಿನ ಎಡಗಾಲು ಬಲಗಾಲು ಅದಲುಬದಲು ಕತ್ತರಿಸಿದೆ.

ಇಂಥ ನನಗೆ ಆ ಭಗವಂತ ಕುರುಗೋಡಿನ ಹೆಣ್ಣನ್ನು ಗಂಟುಹಾಕಿದ. ಕುರುಗೋಡಿನಲ್ಲೂ ಗುಡ್ಡವಿದೆ. ಇದೆ ಎಂದರೆ, ಊರು ಎತ್ತ ತಿರುಗಿದರೂ ಗುಡ್ಡವೇ. ಹೆಣ್ಣು ನೋಡಲು ಹೋದ ದಿನ ನನ್ನ ಮಾವನವರು ಅಂಗಳದಲ್ಲಿ ನಿಂತು "ನಮ್ಮ ಗುಡ್ಡ ಹೆಂಗೈತಿ?" ಎಂದು ಕೇಳಿದರು. ಹೆಣ್ಣು ಹೇಗಿದೆ ಎಂದು ಕೇಳುವ ಮೊದಲೇ ಗುಡ್ಡ ಹೇಗಿದೆ ಎಂದು ಕೇಳಿದ ಮಾವ ಅವರೊಬ್ಬರೇ ಇರಬೇಕು. ನಾನು ಸೌಜನ್ಯಕ್ಕಾದರೂ ಚೆನ್ನಾಗಿದೆ ಎನ್ನಬೇಕಿತ್ತು. "ಅಡ್ಡಿಯಿಲ್ರಿ. ಆದ್ರ ನಮ್ದು ಇಡೀ ಗುಡ್ಡಾನ ಒಂದಾ ಕಲ್ಲು" ಎಂದೆ. ಒಳಗಿನಿಂದ ಯಾರೋ ಕಿಸಕ್ಕನೆ ನಕ್ಕದ್ದು ಕೇಳಿಸಿತು. ನಕ್ಕವಳು ಗಿರಿಜಾ ಎಂದು ಮದುವೆಯಾದ ಮೇಲೆ ತಿಳಿಯಿತು. ಮೆಚ್ಚಿ ನಕ್ಕದ್ದು ಎಂದು ನಾನು ತಿಳಿದಿದ್ದೆ. ಅಲ್ಲ, "ಪಾಪ, ಏನೂ ನೋಡಿಲ್ಲ ಈ ಮನಷ್ಯಾ" ಎಂದು ನಕ್ಕಳಂತೆ.

ಅಂದಿನಿಂದ ನಮ್ಮ ಮನೆಯಲ್ಲಿ ಎರಡು ಗುಡ್ಡ. ಉಳಿದ ಮನೆಗಳಲ್ಲಿ ಗಂಡ ಹೆಂಡತಿ ಜಗಳಕ್ಕೆ ಉಪ್ಪು ಖಾರ ಸಾಕಾಗುತ್ತದೆ, ನಮಗೆ ಇಷ್ಟು ದೊಡ್ಡ ಬಂಡೆಗಳು ಬೇಕು. ನಾನು ಬೆಳಿಗ್ಗೆ ಬಂದು "ಇವತ್ತ ನವಿಲು ನೋಡಿದೆ" ಎಂದರೆ, ಒಗ್ಗರಣೆಗೆ ಸಾಸಿವೆ ಹಾಕುತ್ತಲೇ "ನಮ್ಮೂರಾಗ ನವಲು ಮನಿ ಮಾಳಿಗಿ ಮ್ಯಾಲೆ ಬಂದು ಕುಂದರ್ತಾವ" ಎನ್ನುವಳು. ಮುಳ್ಳುಹಂದಿಯ ಮುಳ್ಳು ಸಿಕ್ಕಿತೆಂದು ತಂದು ತೋರಿಸಿದರೆ, "ನಮ್ಮ ಕಡೆ ಕರಡಿನಾ ಅದಾವ" ಎನ್ನುವಳು. ಇಪ್ಪತ್ತೆರಡು ವರ್ಷದಲ್ಲಿ ಅವಳು ನಮ್ಮ ಗುಡ್ಡವನ್ನು ಒಮ್ಮೆಯೂ ಹತ್ತಿರಲಿಲ್ಲ. "ನಿಮ್ಮ ಗುಡ್ಡ" ಎಂದೇ ಅನ್ನುತ್ತಿದ್ದಳು. ಬಳ್ಳಾರಿಯ ಬಿಸಿಲು ಅವಳದಾಯಿತು, ನಲ್ಲಿಯಲ್ಲಿ ನೀರು ಬಾರದ ಸಂಕಟ ಅವಳದಾಯಿತು, ಮಂಡಕ್ಕಿ ಒಗ್ಗರಣೆ, ಮಿರ್ಚಿ ಎಲ್ಲ ಅವಳದಾಯಿತು. ಗುಡ್ಡ ಮಾತ್ರ ನನ್ನದಾಗಿಯೇ ಉಳಿಯಿತು. ಈ ಒಂದು ವಿಷಯ ನನ್ನನ್ನು ಒಳಗೊಳಗೇ ನೋಯಿಸುತ್ತಿತ್ತು ಎಂದು ಅವಳಿಗೂ ಹೇಳಿರಲಿಲ್ಲ.

ಈಗ ಬೋಗುಣಿಯ ವಿಷಯಕ್ಕೆ ಬರುತ್ತೇನೆ. ನಮ್ಮ ಊರಿನ ಬಿಸಿಲಿನ ಬಗ್ಗೆ ಹೊರಗಿನವರು ನಗೆಯಾಡುತ್ತಾರೆ, ಆಡಲಿ. ಶಿವರಾತ್ರಿ ಕಳೆಯುತ್ತಿದ್ದಂತೆ ಗುಡ್ಡದ ದೊಣೆಗಳೆಲ್ಲ ಒಣಗಿ ಬಂಡೆ ಹಂಚಿನ ಹಾಗಾಗುತ್ತದೆ. ಆಗ ಹಕ್ಕಿಗಳಿಗೆ ನೀರಿಡುವುದು ನಮ್ಮ ವಾಕಿಂಗ್ ಬಳಗದ ಪದ್ಧತಿ. ತಲೆಗೊಂದು ಮಣ್ಣಿನ ಬೋಗುಣಿ. ಪ್ರತಿದಿನ ಕೆಳಗಿನಿಂದ ಎರಡು ಲೀಟರಿನ ಬಾಟಲಿಯಲ್ಲಿ ನೀರು ಹೊತ್ತು ತಂದು ತಂತಮ್ಮ ಬೋಗುಣಿ ತೊಳೆದು ತುಂಬಬೇಕು. ಬರಿಗೈಯಲ್ಲಿ ಹತ್ತಿದವರನ್ನು ಆ ಮೂರು ತಿಂಗಳು ಯಾರೂ ಮಾತಾಡಿಸುವುದಿಲ್ಲ. ಈ ಪದ್ಧತಿಯನ್ನು ಶುರುಮಾಡಿದವರು ಖಾಜಾಸಾಬರು. ಜೀನ್ಸಿಗೆ ಬೇಕಾದ ಜಿಪ್ಪು, ಗುಂಡಿ ಮಾರುವ ವ್ಯಾಪಾರಿ, ನನಗಿಂತ ಹತ್ತು ವರ್ಷ ಹಿರಿಯರು, ಮಾತು ಕಡಿಮೆ. ಅವರು ತಮ್ಮ ಬೋಗುಣಿಯನ್ನು ಎರಡು ಬಂಡೆಗಳ ಸಂದಿಯಲ್ಲಿ, ಕಾರೆ ಪೊದೆಯ ಕೆಳಗೆ, ಯಾರಿಗೂ ಕಾಣದ ಕಡೆ ಇಟ್ಟಿದ್ದರು. ನಾನು ನನ್ನದನ್ನು ತುತ್ತತುದಿಯಲ್ಲಿ, ಕೋಟೆಯ ಗೋಡೆಯ ಪಕ್ಕದ ಬೋಳು ಬಂಡೆಯ ಮೇಲೆ ಇಟ್ಟೆ. ಅಲ್ಲಿಂದ ಇಡೀ ಬಳ್ಳಾರಿ ಕಾಣುತ್ತದೆ. ನೀರು ಕುಡಿಯುವ ಹಕ್ಕಿಗೆ ಊರೂ ಕಾಣಲಿ ಎಂದು. ನಾನು ನೀರು ಹಾಕುವುದು ಊರಿಗೂ ಕಾಣಲಿ ಎಂಬುದು ಅದರ ಜೊತೆಗೇ ಬಂದ ಸಣ್ಣ ಆಸೆ.

ಹಕ್ಕಿ ಬರಲಿಲ್ಲ. ಒಂದು ವಾರ ನೋಡಿದೆ, ಎರಡು ವಾರ ನೋಡಿದೆ. ಉಳಿದವರ ಬೋಗುಣಿಯ ಸುತ್ತ ಹಿಕ್ಕೆ, ಪುಕ್ಕ, ಕೆದರಿದ ಗುರುತು. ನನ್ನದು ಇಟ್ಟದ್ದು ಇಟ್ಟ ಹಾಗೆ. ಒಂದು ದಿನ ಕಾಗೆಯೊಂದು ಎಲ್ಲಿಂದಲೋ ಒಣರೊಟ್ಟಿ ತಂದು ಅದರಲ್ಲಿ ನೆನೆಹಾಕಿ ಹೋಗಿತ್ತು. ಆದರೆ ತಿನ್ನಲು ಅದೂ ವಾಪಸು ಬರಲಿಲ್ಲ. ಖಾಜಾಸಾಬರು ಒಮ್ಮೆ ಬೆರಳು ಅದ್ದಿ ನೋಡಿ, "ವೀರೇಶಣ್ಣ, ಒಂಬತ್ತಕ್ಕ ಬಂದ್ರ ಇದರಾಗ ಜಳಕ ಮಾಡಬಹುದು. ನೆರಳಿಗೆ ಇಡ್ರಿ" ಎಂದರು. ಜಾಗ ಬದಲಿಸಿದರೆ ಮೊದಲು ಆರಿಸಿದ್ದು ತಪ್ಪು ಎಂದು ಒಪ್ಪಿಕೊಂಡ ಹಾಗಲ್ಲವೆ? "ಇರ್ಲಿ ಬಿಡ್ರಿ ಸಾಬ್ರೇ, ಅವಕ್ಕ ಇನ್ನಾ ರೂಢಿ ಆಗಿಲ್ಲ" ಎಂದೆ.

ಹೀಗಿರುವಾಗ ಒಂದು ಭಾನುವಾರ ಗಿರಿಜಾಳ ತಮ್ಮ ಬಸವರಾಜ ಊಟಕ್ಕೆ ಬಂದ. ಕುರುಗೋಡಿನಲ್ಲಿ ಗೊಬ್ಬರದ ಅಂಗಡಿ ಇಟ್ಟವನು, ಹೊಸ ಮನೆ ಕಟ್ಟಿಸಿ ಗೃಹಪ್ರವೇಶಕ್ಕೆ ಕರೆಯಲು ಬಂದಿದ್ದ. ಕರೆಯುವುದಕ್ಕೆ ಮೊದಲೇ ಫೋನು ತೆಗೆದು ನನ್ನ ಮೂಗಿನ ಮುಂದೆ ಹಿಡಿದ. ಬಂಡೆಯ ಮೇಲೆ ಒಂದು ಹಕ್ಕಿ. ಬೂದು ಮೈ, ತಲೆ ಮತ್ತು ಕೊರಳು ಮಾತ್ರ ಹಳದಿ.

"ಹಳದಿ ಕೊರಳಿನ ಪಿಕಳಾರ, ಬಾವ. ಎಲ್ಲಾ ಕಡೆ ಸಿಗಂಗಿಲ್ಲಂತ. ಇಂಥಾ ಕಲ್ಲುಗುಡ್ಡದಾಗ ಮಾತ್ರ ಇರ್ತೈತಂತ. ಅದನ್ನ ನೋಡಾಕ ದೂರದೂರಿಂದ ಕ್ಯಾಮರಾ ಹೊತ್ಕೊಂಡು ನಮ್ಮೂರಿಗೆ ಬಂದಿದ್ರು. ನಿಮ್ಮ ಗುಡ್ಡದಾಗ ಏನೈತ್ರಿ, ಓತಿಕ್ಯಾತ?"

ಗಿರಿಜಾ ಅವನ ತಟ್ಟೆಗೆ ಇನ್ನೊಂದು ರೊಟ್ಟಿ ಹಾಕಿದಳು. ನನ್ನ ತಟ್ಟೆಯಲ್ಲೂ ರೊಟ್ಟಿ ಮುಗಿದಿತ್ತು, ಅದು ಅವಳಿಗೆ ಕಾಣಲಿಲ್ಲ. ಆಗ ನನ್ನ ಬಾಯಿಂದ ಆ ಮಾತು ಬಂತು. "ಅದಾ? ಅದು ದಿನಾ ನನ್ನ ಬೋಗುಣಿಗೆ ನೀರು ಕುಡ್ಯಾಕ ಬರ್ತೈತಿ." ನಾನೇ ಹೇಳಿದೆನೋ, ನನ್ನೊಳಗಿನ ಗುಡ್ಡ ಹೇಳಿತೋ ಗೊತ್ತಿಲ್ಲ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎನ್ನುತ್ತಾರಲ್ಲ, ಎರಡೂ ಒಟ್ಟಿಗೇ ಹೋದ ಹಾಗಾಯಿತು.

"ಹಂಗಾದ್ರ ಬರೋ ಐತವಾರ ಬರ್ತೀನಿ. ತೋರಿಸ್ರಿ" ಎಂದ ಬಸವರಾಜ. "ತೋರಿಸಿದ್ರ, ನಾ ಗೃಹಪ್ರವೇಶದ ದಿನ ಎಲ್ಲಾ ಬೀಗರು ನೆಂಟರ ಮುಂದ ನಿಂತು, ಕುರುಗೋಡ ಗುಡ್ಡ ಬರೇ ಕಲ್ಲಿನ ಗುಂಪಿ ಅಂತೀನಿ. ತೋರಿಸಲಿಲ್ಲಂದ್ರ ಬಳ್ಳಾರಿ ಗುಡ್ಡ ಬರೇ ಕಲ್ಲಿನ ಗುಂಪಿ ಅಂತ ನೀವು ಅನ್ರಿ." ಒಪ್ಪಿದೆ. ಒಪ್ಪದೆ ಏನು ಮಾಡಲಿ, ಗಿರಿಜಾ ನನ್ನ ಮುಖವನ್ನೇ ನೋಡುತ್ತಿದ್ದಳು. ಆ ಪುಣ್ಯಾತ್ಮ ಊರು ಮುಟ್ಟುವ ಮೊದಲೇ ಪಂದ್ಯದ ಸುದ್ದಿಯನ್ನು ನೆಂಟರ ವಾಟ್ಸಾಪ್ ಗುಂಪಿಗೆ ಹಾಕಿಬಿಟ್ಟ. ಸಂಜೆಯೊಳಗೆ ಸಿರುಗುಪ್ಪ, ರೂಪನಗುಡಿ ಎಲ್ಲ ಕಡೆಯಿಂದ ಹೆಬ್ಬೆರಳುಗಳು ಬಂದವು. ನಿಮಗೆ ಇದು ನಗೆಯ ವಿಷಯ. ನನಗೆ ಆ ಐದು ಶಬ್ದಗಳನ್ನು ಬಾಯಿಬಿಟ್ಟು ಆಡುವುದೆಂದರೆ ಹೆತ್ತ ತಾಯಿಯನ್ನು ಸಂತೆಯಲ್ಲಿ ನಿಲ್ಲಿಸಿ ಬೈದ ಹಾಗೆ.

ವಾರವಿಡೀ ನಾನು ಆ ಹಕ್ಕಿಗಾಗಿ ಪಟ್ಟ ಪಾಡು ಹೇಳತೀರದು. ಮೊದಲು, ಹಕ್ಕಿಗೆ ರುಚಿ ತೋರಿಸಬೇಕು ಎಂದು ಯೋಚಿಸಿದೆ. ಬಳ್ಳಾರಿಯವನ ತಲೆಗೆ ರುಚಿ ಎಂದಕೂಡಲೇ ಇನ್ನೇನು ಹೊಳೆಯುತ್ತದೆ? ಸೋಮವಾರ ಬೆಳಿಗ್ಗೆ ಒಂದು ಪೊಟ್ಟಣ ಮಂಡಕ್ಕಿ ಒಗ್ಗರಣೆ ಕಟ್ಟಿಸಿಕೊಂಡು ಹೋಗಿ ಬೋಗುಣಿಯ ಸುತ್ತ ಚೆಲ್ಲಿದೆ. ಹಸಿಮೆಣಸಿನಕಾಯಿ ಮಾತ್ರ ಆರಿಸಿ ತೆಗೆದಿದ್ದೆ, ಹಕ್ಕಿಗೆ ಖಾರವಾದೀತು ಎಂದು. ಮಂಗಳವಾರ ಹೋಗಿ ನೋಡಿದರೆ ಹನ್ನೊಂದು ಕೋತಿಗಳು ಬೋಗುಣಿಯ ಸುತ್ತ ಪಂಕ್ತಿಗೆ ಕೂತಂತೆ ಕೂತಿದ್ದವು. ನನ್ನ ಕೈಯಲ್ಲಿ ಪೊಟ್ಟಣವಿಲ್ಲದ್ದು ನೋಡಿ ಅವುಗಳಲ್ಲಿ ಹಿರಿಯದೊಂದು ನನ್ನ ಪ್ಯಾಂಟಿನ ಜೇಬಿಗೆ ಕೈ ಹಾಕಿತು. ನಾನೇ ಕತ್ತರಿಸಿದ ಜೇಬು. ಆಳವಾಗಿ, ಗಟ್ಟಿಯಾಗಿ, ಅದರ ಮೊಣಕೈವರೆಗೂ ಹಿಡಿಯುವಂತಿತ್ತು. ಬುಧವಾರ ಕೂಗಿ ಓಡಿಸಲು ನೋಡಿದೆ. ಗುರುವಾರ ಮತ್ತೂ ಜೋರಾಗಿ ಕೂಗಿದೆ. ಶುಕ್ರವಾರ ಅವು ಹೋದವು, ಹೋಗುವಾಗ ಬೋಗುಣಿಯನ್ನು ಬಂಡೆಯಿಂದ ಕೆಳಗೆ ಉರುಳಿಸಿ ಹೋದವು. ಚೂರುಗಳನ್ನು ಆರಿಸುತ್ತ ಕೂತಿದ್ದ ನನ್ನ ಪಕ್ಕಕ್ಕೆ ಖಾಜಾಸಾಬರು ಬಂದು ಕೂತರು. ಎಲ್ಲ ಹೇಳಿಬಿಟ್ಟೆ, ಸುಳ್ಳಿನ ಸಮೇತ.

"ಸುಳ್ಳಲ್ರಿ ಪೂರಾ" ಎಂದರು ಅವರು ನಿಧಾನವಾಗಿ. "ಹಕ್ಕಿ ಐತಿ. ನನ್ನ ಬೋಗುಣಿಗೆ ಬರ್ತೈತಿ, ಎರಡು ವರ್ಷ ಆತು."

"ಎರಡು ವರ್ಷಾ! ಮತ್ತ ಒಂದಿನ ಹೇಳಲಿಲ್ಲಲ್ರಿ?"

"ಹೇಳಿದ್ರ ನೀವು ಮಂದೀನ ಕರ್ಕೊಂಡು ಬರ್ತಿದ್ರಿ" ಎಂದರು. ಅವರ ದನಿಯಲ್ಲಿ ಸಿಟ್ಟಿರಲಿಲ್ಲ, ಬರೀ ಇದ್ದದ್ದನ್ನು ಹೇಳಿದರು. ಇಷ್ಟು ವರ್ಷ ಗುಡ್ಡದ ಇಂಚಿಂಚನ್ನೂ ಬಲ್ಲೆ ಎಂದು ಎದೆ ತಟ್ಟಿಕೊಂಡವನಿಗೆ ಕಾಣದ ಹಕ್ಕಿ, ಮಾತೇ ಆಡದ ಮನುಷ್ಯನ ಬೋಗುಣಿಗೆ ದಿನಾ ಬರುತ್ತಿತ್ತು. ನನಗೆ ಹೊಟ್ಟೆಕಿಚ್ಚಾಯಿತು, ನಾಚಿಕೆಯೂ ಆಯಿತು, ಅದೆರಡರ ಅಡಿಯಲ್ಲಿ ಎಲ್ಲೋ ನಮ್ಮ ಗುಡ್ಡದಲ್ಲಿ ಆ ಹಕ್ಕಿ ಇದೆಯಲ್ಲ ಎಂಬ ಹೆಮ್ಮೆ ಉಬ್ಬುತ್ತಿತ್ತು. ಕೊನೆಗೆ ಹೆಮ್ಮೆಯೇ ಗೆದ್ದಿತು. "ನಾಡದು ಐತವಾರ ಅಲ್ಲೇ ಕೂಡ್ರಿಸ್ರಿ" ಎಂದರು ಸಾಬರು. "ನಾ ಬರಂಗಿಲ್ಲ. ಒಂದಾ ಮಾತು, ನೀವು ಸುಮ್ಕ ಇರಬೇಕು."

ಭಾನುವಾರ ಬಸವರಾಜ ಕತ್ತಲಿರುವಾಗಲೇ ಮೋಟಾರ್ ಸೈಕಲ್ ಮೇಲೆ ಬಂದಿಳಿದ. ನಾವಿಬ್ಬರೂ ಚಪ್ಪಲಿ ಮೆಟ್ಟುವಾಗ ಗಿರಿಜಾ ಸೆರಗು ಸಿಕ್ಕಿಸಿಕೊಂಡು ಹೊರಗೆ ಬಂದಳು. "ನಾನೂ ಬರ್ತೀನಿ. ಆಟಕ್ಕ ಒಬ್ರು ಪಂಚರು ಬೇಕಲ್ಲ" ಎಂದಳು. ನನ್ನ ಎದೆ ಡವಗುಟ್ಟಿತು. ಹಕ್ಕಿಗಾಗಿ ಅಲ್ಲ. ಮೊದಲ ಸಲ ಅವಳು ಗುಡ್ಡ ಹತ್ತುತ್ತಿದ್ದಾಳೆ, ನಾನು ಒಂದೂ ಮಾತಾಡುವ ಹಾಗಿಲ್ಲ! ಆನೆ ಮಲಗಿದಂಥ ಬಂಡೆ ಬಂತು, ಹೋಯಿತು. ಕೈ ಮಾಡಿ ತೋರಿಸಿದೆ. "ಏನು, ಎಮ್ಮಿ ಮಲಗಿದಂಗ ಐತಿ" ಎಂದಳು. ಆನೆ ಎಂದು ತಿದ್ದಲು ಬಾಯಿ ತೆರೆದು ಮುಚ್ಚಿದೆ. ಆಮೇಲೆ ನೋಡಿದರೆ, ನಿಜವಾಗಿ ಎಮ್ಮೆಯ ಹಾಗೇ ಇತ್ತು.

ಕಾರೆ ಪೊದೆಗೆ ಹತ್ತು ಹೆಜ್ಜೆ ದೂರದಲ್ಲಿ ಬಂಡೆಯ ಮರೆಗೆ ಮೂವರೂ ಕೂತೆವು. ಸಾಬರು ಹಿಂದಿನ ಸಂಜೆಯೇ ಬಂದು ಬೋಗುಣಿ ತುಂಬಿಸಿಟ್ಟಿದ್ದರು. ಕಾಲು ಗಂಟೆ ಏನೂ ಇಲ್ಲ. ಬಸವರಾಜ ನನ್ನ ಕಡೆ ನೋಡಿ ಹುಬ್ಬು ಹಾರಿಸಿದ. ಅರ್ಧ ಗಂಟೆ. ಸುಮ್ಮನೆ ಕೂರುವುದು ಎಂಥ ಕಷ್ಟದ ಕೆಲಸ ಎಂದು ನನಗೆ ಅಂದೇ ತಿಳಿದದ್ದು. ಗಂಟಲಲ್ಲಿ ಮಾತುಗಳು ಸಾಲುಗಟ್ಟಿ ನಿಂತು ಒಂದನ್ನೊಂದು ನೂಕುತ್ತಿದ್ದವು. ಆಮೇಲೆ, ನಿಧಾನಕ್ಕೆ, ಗುಡ್ಡ ನಮ್ಮನ್ನು ಮರೆಯಿತು. ಮುಂಗುಸಿಯೊಂದು ಸಂದಿಯಿಂದ ಬಂದು ಬೋಗುಣಿಯಲ್ಲಿ ನಾಲಗೆ ಅದ್ದಿ, ಹಿಂತಿರುಗಿ ಎರಡು ಮರಿಗಳನ್ನು ಕರೆತಂದಿತು. ನಾನು ಸಾವಿರ ಜನರಿಗೆ ಮುಂಗುಸಿ ಸಂಸಾರದ ಬಗ್ಗೆ ಹೇಳಿದ್ದೇನೆ, ಮರಿಗಳನ್ನು ನೋಡಿದ್ದು ಅಂದೇ ಮೊದಲು. ಎದುರು ಬಂಡೆಯ ಬಿರುಕಿನಲ್ಲಿ ಕಲ್ಲು ಎಂದುಕೊಂಡದ್ದು ಕಣ್ಣು ಬಿಟ್ಟಿತು, ಅದು ಗೂಬೆ. ಒಂದು ಉಡ ಬಿಸಿಲಿಗೆ ಬಂದು ಮಲಗಿತು. ಇವೆಲ್ಲ ಇಲ್ಲಿ ಇವೆ ಎಂದು ನಾನು ಹೇಳುತ್ತ ಬಂದದ್ದು ನಿಜವೇ ಆಗಿತ್ತು, ನನಗೇ ಆಶ್ಚರ್ಯವಾಗುವಷ್ಟು. ಗಿರಿಜಾ ನನ್ನ ತೋಳು ಹಿಡಿದಿದ್ದಳು. ಹಿಡಿದದ್ದು ಅವಳಿಗೆ ಗೊತ್ತಿರಲಿಲ್ಲ ಎಂದು ಕಾಣುತ್ತದೆ.

ಬಸವರಾಜನ ಫೋನು ಅದುರಿತು. ಗೊಬ್ಬರದ ಲಾರಿ ಬಂದಿತ್ತೋ ಏನೋ, ಅವನು ತಲೆ ತಗ್ಗಿಸಿ ಉತ್ತರ ಒತ್ತತೊಡಗಿದ. ಆಗಲೇ ಕಾರೆ ಪೊದೆ ಅಲುಗಿತು. ಹಳದಿ ತಲೆ, ಹಳದಿ ಕೊರಳು. ಬೋಗುಣಿಯ ಅಂಚಿನ ಮೇಲೆ ಇಳಿದು, ಆ ಕಡೆ ಈ ಕಡೆ ನೋಡಿ, ಕೊಕ್ಕು ಅದ್ದಿ, ತಲೆ ಮೇಲೆತ್ತಿ ನೀರು ನುಂಗಿತು. ಮುಂಜಾನೆಯ ಬಿಸಿಲು ಆ ಕೊರಳಿನ ಮೇಲೆ ಬಿದ್ದಿತ್ತು. ಅದು ಎರಡನೇ ಸಲ ಕೊಕ್ಕು ಅದ್ದುವಾಗ ನನಗೆ ಇನ್ನು ತಡೆಯಲಾಗಲಿಲ್ಲ. "ನೋಡಲೇ ಬಸೂ!" ಎಂದು ಕೂಗಿದೆ. ಮೂವತ್ತು ಹೊಲಿಗೆ ಯಂತ್ರಗಳನ್ನು ಮೀರಿಸುವ ದನಿ. ಹಕ್ಕಿ ಹಾರಿತು, ಗೂಬೆ ಹಾರಿತು, ಉಡ ಬಿರುಕಿಗೆ ಬಿತ್ತು. ಬಸವರಾಜ ತಲೆ ಎತ್ತಿದಾಗ ಅಲ್ಲಿ ಇದ್ದದ್ದು ಬೋಗುಣಿ ಒಂದೇ.

"ಏನದು? ಎಲ್ಲೈತಿ?" ಎಂದ. ಆಮೇಲೆ ನಗಲು ಶುರುಮಾಡಿದ. "ಬಾವ, ಇದು ನಡ್ಯಾಂಗಿಲ್ಲ. ಕೂಗಿ ಹಾರಿಸಿಬಿಟ್ಟೆ ಅಂದ್ರ ನಾ ನಂಬಬೇಕೇನು?" ನನ್ನ ಬಳಿ ಫೋಟೋ ಇಲ್ಲ, ಸಾಬರು ಇಲ್ಲ. ಇದ್ದ ಸಾಕ್ಷಿ ಒಂದೇ, ಅದೂ ಕುರುಗೋಡಿನದು. ಬಸವರಾಜನೂ ಅವಳ ಕಡೆಗೇ ತಿರುಗಿದ. "ಅಕ್ಕ, ನೀ ಹೇಳು. ಕಂಡಿತೇನು ಆ ಹಕ್ಕಿ?"

ಗಿರಿಜಾ ಪೊದೆಯ ಕಡೆ ನೋಡಿದಳು, ತಮ್ಮನ ಕಡೆ ನೋಡಿದಳು, ನನ್ನ ಕಡೆ ಮಾತ್ರ ನೋಡಲಿಲ್ಲ. "ಕಂಡಿತು" ಎಂದಳು. "ಕೊರಳು ಹಳದಿ ಇತ್ತು. ಕುರುಗೋಡಿಂದ ಬಂದಿರಬೇಕು, ನನ್ಹಂಗ."

ಬಸವರಾಜ ಅಕ್ಕನ ಮಾತಿಗೆ ಎದುರಾಡುವವನಲ್ಲ. ಸೋತೆ ಎಂದು ಕೈ ಮುಗಿದ. ಇಳಿಯುವಾಗ ಅವನು ಮುಂದೆ ಹೋದ ಮೇಲೆ ನಾನು ಗಾಳಿಯಲ್ಲಿ ತೇಲುತ್ತಿದ್ದೆ. ಗಿರಿಜಾ ಹತ್ತಿರ ಬಂದು ತಗ್ಗಿದ ದನಿಯಲ್ಲಿ ಕೇಳಿದಳು, "ಆ ಬೋಗುಣಿ ನಿಮ್ದಲ್ಲ, ಹೌದಲ್ರಿ?" ನಾನು ನಿಂತುಬಿಟ್ಟೆ. "ನಿಮ್ದಾಗಿದ್ರ ಮೂಲ್ಯಾಗ ಇರ್ತಿರಲಿಲ್ಲ. ನನಗ ಗೊತ್ತೈತಿ." ಹಾಗಾದರೆ ಯಾಕೆ ಸುಮ್ಮನಿದ್ದೆ ಎಂದು ಕೇಳಿದೆ. "ಅವ ಹಕ್ಕಿ ಕಂಡಿತೇನು ಅಂತ ಕೇಳಿದ, ಕಂಡಿತು ಅಂದೆ. ಬೋಗುಣಿ ಯಾರದು ಅಂತ ಕೇಳಲಿಲ್ಲ" ಎಂದಳು. ನಾಲ್ಕು ಮೆಟ್ಟಿಲು ಇಳಿದು ಮತ್ತೆ ಹೇಳಿದಳು, "ಅವನ ಮುಂದ ನಿಮ್ಮ ಮಾರಿ ಸಣ್ಣದಾಗೋದು ನನಗ ಬ್ಯಾಡಾಗಿತ್ತು."

ಗೃಹಪ್ರವೇಶದ ದಿನ ಕುರುಗೋಡಿನ ಹೊಸ ಮನೆಯ ಮುಂದೆ ಶಾಮಿಯಾನದಲ್ಲಿ ನೆಂಟರೆಲ್ಲ ಊಟಕ್ಕೆ ಕೂತಿದ್ದರು. ಪಂದ್ಯದ ಸುದ್ದಿ ಗೊತ್ತಿಲ್ಲದವರು ಯಾರೂ ಇರಲಿಲ್ಲ. ಹೋಳಿಗೆ ಬಡಿಸುವ ಹೊತ್ತಿಗೆ ಬಸವರಾಜ ಎದ್ದು ನಿಂತು, ಗಂಟಲು ಸರಿಮಾಡಿಕೊಂಡು, "ಆಡಿದ ಮಾತು ಆಡಿದ್ದಾ. ನಮ್ಮ ಕುರುಗೋಡ ಗುಡ್ಡ..." ಎಂದು ಶುರುಮಾಡಿದ. ನಾನು ಮೀಸೆಯ ಮೇಲೆ ಕೈ ಇಟ್ಟುಕೊಂಡು ಕೂತಿದ್ದೆ. ಆಗ ಗಿರಿಜಾ ಕಣ್ಣಿಗೆ ಬಿದ್ದಳು. ತುಪ್ಪದ ಪಾತ್ರೆ ಹಿಡಿದು ಬಾಗಿಲಲ್ಲಿ ನಿಂತವಳು, ತಮ್ಮನನ್ನು ನೋಡದೆ ಮನೆಯ ಹಿಂದಿನ ಗುಡ್ಡವನ್ನು ನೋಡುತ್ತಿದ್ದಳು. ಹೆಣ್ಣು ನೋಡಲು ಹೋದ ದಿನ ಅವಳ ಅಪ್ಪ ಹೆಮ್ಮೆಯಿಂದ ತೋರಿಸಿದ ಅದೇ ಗುಡ್ಡ. ಈಗ ಅವರಿಲ್ಲ. ತನ್ನ ಗುಡ್ಡಕ್ಕೆ ಆ ಮಾತು ಬೀಳುವುದನ್ನು ಅವಳೇ ತಂದುಕೊಂಡಿದ್ದಳು, ನನ್ನ ಮುಖ ಉಳಿಸಲು.

"ತಡಿಯೋ ಬಸು" ಎಂದು ಎದ್ದು ನಿಂತೆ. "ಹಕ್ಕಿ ಬಂದದ್ದು ಖರೆ. ಆದ್ರ ನನ್ನ ಬೋಗುಣಿಗಲ್ಲ, ಖಾಜಾಸಾಬರ ಬೋಗುಣಿಗೆ. ನನ್ನ ಬೋಗುಣಿಗೆ ಒಂದು ಕಾಗಿನೂ ನೆಟ್ಟಗೆ ಬಂದಿಲ್ಲ. ಸೋತಾಂವ ನಾನು." ಆಮೇಲೆ, ಎಷ್ಟು ಕಷ್ಟವಾಯಿತೋ ನನಗೇ ಗೊತ್ತು, ಎಲ್ಲರ ಮುಂದೆ ಹೇಳಿದೆ. "ಬಳ್ಳಾರಿ ಗುಡ್ಡ ಬರೇ ಕಲ್ಲಿನ ಗುಂಪಿ." ಕಡೆಯ ಶಬ್ದ ಸಣ್ಣಗೆ ಬಂತು. ನನ್ನ ಜನ್ಮದಲ್ಲಿ ನಾನು ಸಣ್ಣ ದನಿಯಲ್ಲಿ ಆಡಿದ ಒಂದೇ ಶಬ್ದ ಅದಿರಬೇಕು. ಶಾಮಿಯಾನದಲ್ಲಿ ಎಲ್ಲರೂ ಚಪ್ಪಾಳೆ ತಟ್ಟಿ ನಕ್ಕರು. ಪಂಕ್ತಿಯ ಕೊನೆಗೆ ಕೂತಿದ್ದ ಗಿರಿಜಾಳ ದೊಡ್ಡವ್ವ, ಸಿರುಗುಪ್ಪದ ಹತ್ತಿರ ದೇಶನೂರಿನಿಂದ ಬಂದವರು, ಹುಟ್ಟಿದಾಗಿನಿಂದ ಗದ್ದೆ ಬಯಲನ್ನೇ ಕಂಡವರು, ತಲೆ ಎತ್ತಿ ಕೇಳಿದರು. "ಇಷ್ಟೊತ್ತು ಯಾತರ ಸಲವಾಗಿ ಬಡಿದಾಡಾಕ ಹತ್ತೀರಪ್ಪ? ಎಲ್ಡೂ ಕಲ್ಲ ಅಲ್ಲೇನು? ಅದರ ಮ್ಯಾಲೆ ಒಂದು ಚೀಲ ಭತ್ತ ಬೆಳೀತೈತೇನು?" ಕುರುಗೋಡಿನವರೂ ಬಳ್ಳಾರಿಯವನೂ ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ಮೊದಲ ಸಲ ನಾವು ಒಂದೇ ಪಕ್ಷದಲ್ಲಿದ್ದೆವು. ಗಿರಿಜಾ ಬಂದು ನನ್ನ ಹೋಳಿಗೆಯ ಮೇಲೆ ತುಪ್ಪ ಸುರಿದಳು, ಎಲೆಯಿಂದ ಹರಿದುಹೋಗುವಷ್ಟು.

ಬಸ್ಸಿನಲ್ಲಿ ವಾಪಸು ಬರುವಾಗ ಅವಳು ಬಹಳ ಹೊತ್ತು ಕಿಟಕಿಯಾಚೆ ನೋಡುತ್ತ ಕೂತಿದ್ದಳು. ದೂರದಲ್ಲಿ ಬಳ್ಳಾರಿಯ ಕೋಟೆ ಸಂಜೆಯ ಬಿಸಿಲಿಗೆ ಕೆಂಪಗೆ ಕಂಡಾಗ, ತಿರುಗದೆಯೇ ಕೇಳಿದಳು. "ನಾಳೆ ನಮ್ಮ ಗುಡ್ಡಕ್ಕ ಎಷ್ಟೊತ್ತಿಗೆ ಹೋಗೋದ್ರಿ?" ನಮ್ಮ ಗುಡ್ಡ! ಇಪ್ಪತ್ತೆರಡು ವರ್ಷ ಕಾದ ಮಾತು. ಪಂದ್ಯ ಗೆದ್ದು ಬಂದಿದ್ದರೂ ನನಗೆ ಅಷ್ಟು ಹೆಮ್ಮೆಯಾಗುತ್ತಿರಲಿಲ್ಲ. ಆನಂದಕ್ಕೆ ಅಲ್ಲಿಯೇ ಗುಡ್ಡದ ವಿಷಯ ಹೇಳತೊಡಗಿದೆ, ಡ್ರೈವರಿಗೂ ಕೇಳುವ ಹಾಗೆ. ಅವಳು ಕೈ ಎತ್ತಿ ತಡೆದಳು. "ಒಂದು ಕರಾರು. ಮ್ಯಾಲೆ ಹೋದ ಮ್ಯಾಲೆ ಬಾಯಿ ತೆರೀಬಾರದು. ಮರಿ ಮುಂಗಸಿ ಹೆದರ್ತಾವ."

ಈಗ ನಾವಿಬ್ಬರೂ ದಿನಾ ಹೋಗುತ್ತೇವೆ. ಹೊಸ ಬೋಗುಣಿಯನ್ನು ಅವಳು ನೆರಳು ನೋಡಿ ಇಟ್ಟಿದ್ದಾಳೆ, ಹಕ್ಕಿಗಳು ಬರುತ್ತವೆ. ಹೊಸಬರು ಸಿಕ್ಕರೆ ಅವಳು ತಗ್ಗಿದ ದನಿಯಲ್ಲಿ ಎರಡು ಮಾತು ಹೇಳಿ ಗೂಬೆ ತೋರಿಸುತ್ತಾಳೆ. ನಾನು ಎರಡು ಬಾಟಲಿ ಹೊತ್ತು ಹತ್ತು ಹೆಜ್ಜೆ ಹಿಂದೆ ನಿಂತಿರುತ್ತೇನೆ. ಮೊನ್ನೆ ಒಬ್ಬರು ನನ್ನ ಕಡೆ ಕನಿಕರದಿಂದ ನೋಡಿ, "ಪಾಪ, ಇವರಿಗೆ ಮಾತು ಬರಂಗಿಲ್ಲೇನ್ರಿ?" ಎಂದು ಅವಳನ್ನು ಕೇಳಿದರು. ಅವಳು "ಹೌದ್ರಿ" ಎಂದುಬಿಟ್ಟಳು. ಅದಕ್ಕೇ ಇದನ್ನೆಲ್ಲ ಬರೆಯಲು ಕೂತದ್ದು. ಗುಡ್ಡದ ಮೇಲೆ ಆಡಲಾಗದ ಮಾತು ಎಲ್ಲಿಯಾದರೂ ಇಳಿಯಬೇಕಲ್ಲ. ಇಷ್ಟುದ್ದ ಆಯಿತು, ಆದರೂ ನೀವು ಹಾರಿಹೋಗಲಿಲ್ಲ. ನನ್ನ ಮಾತಿಗೆ ಅಷ್ಟು ಹೊತ್ತು ಕೂತ ಪ್ರಾಣಿ ಈ ಸೀಮೆಯಲ್ಲಿ ನೀವೊಬ್ಬರೇ.